ನನ್ನ ನಾಲಿಗೆಯ ಮೇಲೆ ಬೀಡುಬಿಟ್ಟ ಯೀಸ್ಟ್ ಅವರ ಸನ್ನಿಧಿಗೆ

ಮಾನ್ಯರೇ,

ನನ್ನ ನಾಲಿಗೆಯಿಂದ ಗಂಟಲಿನ ಬಾಗಿಲವರೆಗೆ ಬಿಳಿಯ ಹಾಸು ಹಾಸಿಕೊಂಡು ಸುಖವಾಗಿ ಕುಳಿತಿರುವ ತಮಗೆ ಆ ನಾಲಿಗೆಯ ಒಡತಿಯ ಗೌರವಪೂರ್ವಕ ವಂದನೆಗಳು. ತಮ್ಮ ಕ್ಷೇಮಸಮಾಚಾರವನ್ನು ದಿನವೂ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ, ದಿನಚರಿ ಬರೆಯುವ ಅಭ್ಯಾಸವೊಂದಿದೆ. ಅದರಲ್ಲಿ ಎಷ್ಟು ಬೈದು ಬರೆದರೂ ತಮಗೆ ನಾಟಲಿಲ್ಲವಾದ್ದರಿಂದ ನಾಲ್ಕು ಜನರ ಮುಂದೆ ಈ ಪತ್ರ.

ಮೊದಲು ತಮ್ಮ ದೊಡ್ಡ ಗುಣವನ್ನು ಒಪ್ಪಿಕೊಳ್ಳಬೇಕು. ಎರಡು ತಿಂಗಳ ಹಿಂದೆ ನನ್ನ ಯಜಮಾನರು ತೀರಿಕೊಂಡಾಗ ಮನೆ ತುಂಬ ಜನ ಬಂದಿದ್ದರು. 'ಏನಿದ್ರೂ ಹೇಳು, ನಾವಿಲ್ವಾ' ಎಂದವರೆಲ್ಲ ವಾರದೊಳಗೆ ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಹೊರಟರು. ಕರೆಯದೆ ಬಂದು, ಬಂದಲ್ಲಿಯೇ ನೆಲೆನಿಂತು, ನಾನು ನುಂಗುವ ಒಂದೊಂದು ಗುಟುಕಿನಲ್ಲೂ ಜೊತೆಗಿರುವವರು ತಾವೊಬ್ಬರೇ. ಇಂಥ ನಿಷ್ಠೆ ನೆಂಟರಲ್ಲಿ ಕಾಣಸಿಗುವುದಿಲ್ಲ.

ನಮ್ಮದು ಸಣ್ಣ ಬೇಕರಿ. ಮುಂದೆ ಅಂಗಡಿ, ಹಿಂದೆ ಒಲೆ, ಎರಡರ ನಡುವೆ ನಾವು. ಯಜಮಾನರು ಇಪ್ಪತ್ತೆರಡು ವರ್ಷ ಒಂದು ಗಾಜಿನ ಜಾಡಿಯಲ್ಲಿ ಹುದುಗನ್ನು ಸಾಕಿದ್ದರು. ಮುಂಜಾನೆ ಅರ್ಧ ತೆಗೆದು ಬ್ರೆಡ್ಡಿನ ಹಿಟ್ಟಿಗೆ ಕಲಸುವುದು, ಉಳಿದರ್ಧಕ್ಕೆ ಒಂದು ಹಿಡಿ ಹಿಟ್ಟು, ಒಂದಿಷ್ಟು ನೀರು ಉಣಿಸುವುದು. ಪರವೂರಿಗೆ ಹೊರಟರೂ ಬಸ್ಸಿನಲ್ಲಿ ಅದು ಅವರ ತೊಡೆಯ ಮೇಲೆ. ಮಕ್ಕಳಿಲ್ಲದ ನಮ್ಮನ್ನು ಗಿರಾಕಿಗಳು 'ಜಾಡಿ ಮಗು ಚೆನ್ನಾಗಿದ್ಯಾ' ಎಂದೇ ವಿಚಾರಿಸುತ್ತಿದ್ದರು. ಅವರು ಹೋದ ಮೇಲೆ ನನ್ನ ಪಾಲಿಗೆ ಉಸಿರಾಡುವಂಥದ್ದು ಉಳಿದದ್ದು ಅದೊಂದೇ.

ಇಂತಿರುವಾಗ ತಮ್ಮ ಆಗಮನವಾಯಿತು. ತಮ್ಮನ್ನು ಮೊದಲು ಗುರುತಿಸಿದವಳು ನನ್ನ ನಾದಿನಿ, ಎಲ್ಲ ರೋಗಕ್ಕೂ ಅಡುಗೆಮನೆಯಲ್ಲೇ ಮದ್ದಿದೆ ಎಂದು ನಂಬಿದವಳು. 'ಅತ್ತಿಗೆ, ಬಾಯಲ್ಲಿರೋದೂ ಯೀಸ್ಟು, ಜಾಡಿಯಲ್ಲಿರೋದೂ ಯೀಸ್ಟು. ನೀವು ಅದಕ್ಕೆ ಉಣಿಸ್ತೀರಿ, ಅದರ ಮರಿಗಳು ಇಲ್ಲಿ ಮೇಯ್ತಿವೆ' ಎಂದಳು. ದಿನವಿಡೀ ಹಿಟ್ಟಿನ ಧೂಳು ಕುಡಿಯುವ ನನಗೂ ಅದು ಸರಿಯೆಂದೇ ತೋರಿತು.

ತಮ್ಮನ್ನು ನೈಸರ್ಗಿಕವಾಗಿ ಬೀಳ್ಕೊಡುವ ಕೆಲಸ ಅಂದಿನಿಂದಲೇ ಶುರು. ತಮ್ಮನ್ನು ಉಪವಾಸ ಕೆಡವಲೆಂದು ನಾದಿನಿ ನನ್ನ ಸಕ್ಕರೆ ಡಬ್ಬಿಯನ್ನು ಹೊತ್ತುಕೊಂಡು ಹೋದಳು. ನಾಲ್ಕು ಕಿಲೋ ಇಳಿದವಳು ನಾನು, ಮೈಕೈ ತುಂಬಿಕೊಂಡವರು ತಾವು. ಹಸಿ ಬೆಳ್ಳುಳ್ಳಿ ಹೊತ್ತಿಗೆ ಮೂರು ಎಸಳು ಅಗಿದೆ. ಅದಕ್ಕೆ ಹೆದರಿ ಓಡಿದವರು ಗಿರಾಕಿಗಳು. ಎಣ್ಣೆಯನ್ನು ಇಪ್ಪತ್ತು ನಿಮಿಷ ಬಾಯಲ್ಲಿ ಹೊರಳಿಸುತ್ತ ಗಲ್ಲಾಪೆಟ್ಟಿಗೆಯ ಬಳಿ ನಿಂತು ಬನ್ನಿನ ಬೆಲೆಯನ್ನು ಬೆರಳಲ್ಲಿ ತೋರಿಸಿದೆ. ಪಾಪ, ಹಿರಿಯರೊಬ್ಬರು ದುಃಖದಲ್ಲಿ ನನ್ನ ಮಾತೇ ನಿಂತುಹೋಗಿದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಸಪ್ಪೆ ಮೊಸರಿನ ಮೇಲೆ ಮಾತ್ರ ನನಗೆ ದೂರಿಲ್ಲ, ಉರಿಯುವ ಬಾಯಿಗೆ ತಣ್ಣಗಿತ್ತು.

ಕೊನೆಗೆ ಜಾಡಿಯ ಸರದಿ. 'ನಿಮ್ಮ ಕೈಲಾಗಲ್ಲ, ನಾನೇ ಚೆಲ್ತೀನಿ' ಎಂದು ನಾದಿನಿ ಅದನ್ನು ಚೀಲಕ್ಕಿಳಿಸಿದಳು. ನಾನು ತಡೆಯಲಿಲ್ಲ. ಅಂದಿನ ದಿನಚರಿಯಲ್ಲಿ 'ಜಾಡಿ ಕೊಟ್ಟೆ' ಎಂಬ ಎರಡು ಪದಗಳಿವೆ.

ಆಮೇಲೂ ತಾವು ಕದಲದಿದ್ದುದರಿಂದ ಒಂದೆರಡು ಬಿನ್ನಹಗಳನ್ನು ಮಾಡಿಕೊಳ್ಳಬೇಕೆಂದಿದ್ದೆ. ತಮಗೆ ಬೆಳೆಯುವ ಹುಮ್ಮಸ್ಸು ಇಷ್ಟಿರುವಾಗ ಬೆಳಗಿನ ನಲವತ್ತು ಬ್ರೆಡ್ಡುಗಳನ್ನು ಉಬ್ಬಿಸಿಕೊಟ್ಟು ಮರಳಿ ಬಂದು ಕೂರಬಹುದಿತ್ತು. ಅದೂ ಕಷ್ಟವೆಂದರೆ ಭಾನುವಾರಕ್ಕೊಮ್ಮೆಯಾದರೂ ನಾಲಿಗೆಯನ್ನು ನನಗೆ ಎರವಲು ಕೊಡಬಹುದಿತ್ತು.

ಅಷ್ಟರಲ್ಲಿ ನೀರು ನುಂಗುವುದೂ ಕಷ್ಟವಾಗಿ ವೈದ್ಯೆಯ ಬಳಿ ಹೋದೆ. ಹಿಟ್ಟಿನ ಧೂಳಿನಿಂದ ನನಗೆ ಹನ್ನೊಂದು ವರ್ಷಗಳಿಂದ ಉಬ್ಬಸ, ಬೆಳಿಗ್ಗೆ ಸಂಜೆ ಇನ್ಹೇಲರ್ ಎಳೆದುಕೊಳ್ಳುತ್ತೇನೆ. ಆಕೆ ಟಾರ್ಚು ಬಿಟ್ಟು ನೋಡಿ, 'ಅದನ್ನ ಎಳ್ಕೊಂಡ ಮೇಲೆ ಬಾಯಿ ಮುಕ್ಕಳಿಸ್ತೀರಾ?' ಎಂದು ಕೇಳಿದರು. ಪ್ರತಿ ಸಲವೂ ಯಜಮಾನರು ಹಿಟ್ಟಿನ ಕೈಯಲ್ಲೇ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದರು, ನಾನು ಮುಕ್ಕಳಿಸಿ ಉಗುಳುತ್ತಿದ್ದೆ. ಬಾಯಲ್ಲಿ ಉಳಿದ ಔಷಧಿ ತಮ್ಮಂಥವರನ್ನು ಬೆಳೆಸುತ್ತದೆ, ಮುಕ್ಕಳಿಸುವುದು ಅದಕ್ಕೆ ಪಥ್ಯ ಎಂದು ನನಗೆ ಗೊತ್ತೇ ಇರಲಿಲ್ಲ, ಅವರ ಅತಿ ಕಾಳಜಿ ಎಂದುಕೊಂಡಿದ್ದೆ. ಅವರು ಹೋದ ಮೇಲೆ ಲೋಟ ಹಿಡಿಯುವವರಿಲ್ಲ. ಅಷ್ಟು ಸಣ್ಣ ತೆರವು ತಮಗೆ ಸಾಕಾಯಿತು.

ಜಾಡಿಯ ವಿಷಯ ಹೇಳಿದೆ. 'ಅದೇ ಬೇರೆ, ಇದೇ ಬೇರೆ ಅಮ್ಮ. ಪಾಪ, ಜಾಡಿ ಏನು ಮಾಡಿತ್ತು?' ಎಂದರು.

ನೇರವಾಗಿ ನಾದಿನಿಯ ಮನೆಗೆ ಹೋದೆ. ಎಲ್ಲಿ ಚೆಲ್ಲಿದಳೆಂದಾದರೂ ತಿಳಿಯಬೇಕಿತ್ತು. ಸದಾ ಎದುರುತ್ತರ ಕೊಡುವವಳು ಅಂದು ತಲೆತಗ್ಗಿಸಿಕೊಂಡು ಹೋಗಿ ಬಟ್ಟೆ ಒಗೆಯುವ ಮಿಷಿನ್ನಿನ ಹಿಂದಿನಿಂದ ಜಾಡಿಯನ್ನು ತೆಗೆದಳು. ಹುದುಗು ಮುಚ್ಚಳ ಎತ್ತಿಕೊಂಡು ಹೊರಗೆ ಸುರಿಯುತ್ತಿತ್ತು. ಏನು ಉಣಿಸಬೇಕೆಂದು ಸರಿಯಾಗಿ ತಿಳಿಯದೆ, ಹಿಟ್ಟಿನ ಜೊತೆಗೆ ನನ್ನ ಮನೆಯ ಸಕ್ಕರೆಯನ್ನೇ ಚಮಚಗಟ್ಟಲೆ ಹಾಕಿದ್ದಳು. 'ಅಣ್ಣ ಸಾಕಿದ್ದು ಅತ್ತಿಗೆ. ಉಪವಾಸ ಹಾಕೋಕೆ ಮನಸ್ಸು ಬರ್ಲಿಲ್ಲ' ಎಂದಳು. ನನ್ನನ್ನು ಉಪವಾಸ ಹಾಕಲು ಹೇಗೆ ಮನಸ್ಸು ಬಂತೆಂದು ನಾನು ಕೇಳಲಿಲ್ಲ.

ನಿನ್ನೆ ಅದೇ ಹುದುಗಿನಿಂದ ಬ್ರೆಡ್ ಮಾಡಿದೆವು. ನನ್ನ ನಾಲಿಗೆ ತಮ್ಮ ವಶದಲ್ಲಿರುವುದರಿಂದ ರುಚಿ ನೋಡಿದವಳು ಅವಳು. ಬಹಳ ಹೊತ್ತು ಅಗಿದು, 'ಅಣ್ಣ ಈಚೆಗೆ ಮಾಡ್ತಿದ್ದ ಹಾಗಿಲ್ಲ. ಮೊದಮೊದಲು ಮಾಡ್ತಿದ್ನಲ್ಲ, ಹಾಗಿದೆ' ಎಂದಳು. ಅಂಗಡಿ ತೆರೆಯುವ ಮುಂಚಿನ ಆ ಬ್ರೆಡ್ಡನ್ನು ತಿಂದವರು ನಾವಿಬ್ಬರೇ. ಅವಳ ಮಾತು ನಿಜವೇ ಎಂದು ನಾನೂ ತಿಂದು ನೋಡಬೇಕಾಗಿದೆ. ಆದ್ದರಿಂದ ಮಾನ್ಯರು ದಯಮಾಡಿ ಹೊರಡಬೇಕು.

ಹನಿ ಔಷಧಿಯನ್ನು ಬಾಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ಬೇಕರಿಯವಳು

ಮರೆತ ಮಾತು: ನಾದಿನಿಯ ಕಾಲಿನ ಹೆಬ್ಬೆರಳ ಉಗುರು ಹಳದಿಗಟ್ಟಿ ದಪ್ಪವಾಗಿದೆ. ಅಲ್ಲಿಯೂ ತಮ್ಮ ಬಳಗದವರೇ ಇರಬಹುದೆಂದು ನನಗೆ ಅನುಮಾನ. ಅವಳಿಗಿನ್ನೂ ಹೇಳಿಲ್ಲ. ಹೇಳಿದರೆ ತಾನೇ ಮದ್ದು ಶುರುಮಾಡುತ್ತಾಳೆ, ಅವರು ಅಲ್ಲಿ ನೂರು ವರ್ಷ ಬಾಳುತ್ತಾರೆ. ಅದಕ್ಕೇ ಸದ್ದಿಲ್ಲದೆ ವೈದ್ಯೆಯ ಬಳಿ ಅವಳ ಹೆಸರು ಬರೆಸಿ ಬಂದಿದ್ದೇನೆ.