ಹೋಲ್ಡಾನ್ ಎಂದರೇ ನಿಲ್ಲುವ ಬಸ್ಸು

ಇಂಗ್ಲಿಷ್ ಕ್ರಿಯಾಪದಗಳ ಬೆನ್ನಿಗೆ ಅಂಟಿಕೊಂಡು ಬರುವ ಅಪ್, ಆಫ್, ಆನ್, ಔಟ್ ಎಂಬ ಪುಟ್ಟ ಪದಗಳು ನಮ್ಮ ಕಡೆಗೆ ಬಂದ ಮೇಲೆ ವಾಪಸು ಹೋಗಿಯೇ ಇಲ್ಲ. ಹಾಗಾಗಿ ಈ ಸೀಮೆಯಲ್ಲಿ ಇಂಗ್ಲಿಷ್ ಕಲಿಸಿದವಳಿಗೆ ದಿನಕ್ಕೊಂದು ಪ್ರಸಂಗ ಗ್ಯಾರಂಟಿ. ನಾವು ಪಂಪ್ ಆನ್ ಮಾಡುತ್ತೇವೆ, ಸಿಟ್ಟು ಬಂದರೆ ಫೋನ್ ಸ್ವಿಚಾಫ್ ಮಾಡುತ್ತೇವೆ, ಮದುಮಗಳಿಗೆ ಮೇಕಪ್ ಮಾಡಿಸುತ್ತೇವೆ, ಅಜ್ಜನನ್ನು ಚೆಕಪ್‌ಗೆ ಕರೆದುಕೊಂಡು ಹೋಗುತ್ತೇವೆ.

ಇದೆಲ್ಲ ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಚುವುದೇ ನನ್ನ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಗೀಚುವುದಿಲ್ಲ. ಪರೀಕ್ಷೆಯ ಇಂಗ್ಲಿಷನ್ನು ಪರೀಕ್ಷೆಗೆ ಬೇಕಾದ ಹಾಗೆ ಕಲಿಸುತ್ತೇನೆ. ಆದರೆ ನಮ್ಮ ಮನೆಗೆ ಬಂದ ಪದ ನಮ್ಮ ಚಪ್ಪಲಿ ಹಾಕಿಕೊಂಡೇ ಓಡಾಡಬೇಕು, ಅದರಲ್ಲಿ ರಾಜಿ ಇಲ್ಲ. ಈ ಹಠದಿಂದ ಒಮ್ಮೆ ನನ್ನ ಕೆಲಸಕ್ಕೇ ಕುತ್ತು ಬಂದಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಡ್ರೈವರನ ಕಾಲು

ಹಠ ಮೊದಲಿನಿಂದಲೂ ಇತ್ತು ಅಂತ ಅಲ್ಲ. ಬಂಟ್ವಾಳದ ಹತ್ತಿರದ ಶಾಲೆಗೆ ಹೊಸತಾಗಿ ಸೇರಿದಾಗ ನನ್ನ ಇಂಗ್ಲಿಷಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ನಮ್ಮ ಬಸ್ಸುಗಳಲ್ಲಿ ಹೊರಡುವುದಕ್ಕೆ ‘ರೈಟ್’, ನಿಲ್ಲುವುದಕ್ಕೆ ‘ಹೋಲ್ಡಾನ್’. ಒಂದು ದಿನ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ಟಿಕೆಟ್ ಕೊಡುತ್ತಿದ್ದಾಗ ನನ್ನ ಸ್ಟಾಪ್ ಬಂತು. ನಾನು ಮುಂದೆ ನಿಂತು ಸ್ವಚ್ಛ ಉಚ್ಚಾರದಲ್ಲಿ, ಸ್ಟಾಪ್ ಪ್ಲೀಸ್ ಎಂದೆ. ಬಸ್ಸು ನಿಲ್ಲಲಿಲ್ಲ. ಇನ್ನೊಮ್ಮೆ ಹೇಳಿದೆ. ಶಾಲೆಯ ಗೇಟು ಹಿಂದೆ ಹೋಯಿತು. ಆಮೇಲೆ ಕಂಡಕ್ಟರ್ ನನ್ನನ್ನು ನೋಡಿ ‘ಹೋಲ್ಡಾನ್’ ಎಂದು ಒಂದು ಕೂಗು ಹಾಕಿದ್ದೇ ತಡ, ಬಸ್ಸು ಗಕ್ಕನೆ ನಿಂತಿತು.

ಇಳಿಯುವಾಗ ಸಿಟ್ಟಿನಿಂದಲೇ ಕೇಳಿದೆ, ನಾನು ಹೇಳಿದ್ದು ಡ್ರೈವರಿಗೆ ಕೇಳಲಿಲ್ಲವಾ ಎಂದು. ಕಂಡಕ್ಟರ್ ಬಹಳ ಸಮಾಧಾನದಲ್ಲಿ ವಿವರಿಸಿದ:

“ಕೇಳಿದೆ ಟೀಚರ್. ಸ್ಟಾಪ್ ಅಂದ್ರೆ ಅವ ಆಲೋಚನೆ ಮಾಡ್ತಾನೆ. ಹೋಲ್ಡಾನ್ ಅಂದ್ರೆ ಮಾತ್ರ ಕಾಲು ಬ್ರೇಕಿಗೆ ಹೋಗ್ತದೆ.”

ಅರ್ಧ ಕಿಲೋಮೀಟರ್ ಹಿಂದಕ್ಕೆ ನಡೆದು ಬರುವಷ್ಟರಲ್ಲಿ ನನ್ನ ಇಸ್ತ್ರಿ ಪೂರ್ತಿ ಮುರಿದಿತ್ತು.

ಪಿಕಪ್ ಆದ ಮಗಳು

ಆಮೇಲೆ ಬೆಳ್ತಂಗಡಿ ಕಡೆಗೆ ವರ್ಗವಾಯಿತು. ಅಲ್ಲಿ ಪೋಷಕರ ಸಭೆಗೆ ಲಾಯಿಲದಿಂದ ಒಬ್ಬರು ರಿಕ್ಷಾ ಚಾಲಕರು ಬರುತ್ತಿದ್ದರು. ಮಗಳು ಹಿಂದಿನ ವರ್ಷ ಓದಿನಲ್ಲಿ ಬಹಳ ಹಿಂದೆ ಇದ್ದಳು. ಈಗ ಪರವಾಗಿಲ್ಲ ಎನ್ನುವ ಹಾಗಿದ್ದಳು. ಅವರು ಮಾರ್ಕ್ಸ್ ಕಾರ್ಡ್ ನೋಡಿ, ಹುಡುಗಿ ಪಿಕಪ್ ಆಗಿದ್ದಾಳೆ ಟೀಚರ್ ಎಂದು ಸಂತೋಷಪಟ್ಟರು. ಪಕ್ಕದಲ್ಲಿದ್ದ ನಮ್ಮ ಹೆಡ್‌ಮಾಸ್ಟರು ಸುಮ್ಮನಿರಬೇಕಲ್ಲ. ಹಾಗೆ ಹೇಳಬಾರದು, ಪ್ರಗತಿ ಸಾಧಿಸಿದ್ದಾಳೆ ಎನ್ನಬೇಕು ಎಂದು ತಿದ್ದಿದರು.

ರಿಕ್ಷಾದವರು ಒಪ್ಪಲಿಲ್ಲ. “ಪ್ರಗತಿ ಹೋದ ವರ್ಷವೂ ಬರೆದಿದ್ರಿ ಸರ್. ಆಗ ಅವಳು ಮೂರು ಸಬ್ಜೆಕ್ಟಲ್ಲಿ ಫೇಲು.”

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಆಗಷ್ಟೇ ಒರೆಸಿಟ್ಟ ಕನ್ನಡಕ.

ಸ್ನೇಹಕೂಟಕ್ಕೆ ಬಂದ ನಾಲ್ವರು

ಮೆಲ್ಕಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬ್ಯಾರಿ ಸಾಹುಕಾರರೊಬ್ಬರು ನನ್ನ ಶಾಲಾ ಸಹಪಾಠಿ. ನಮ್ಮ ಬ್ಯಾಚಿನವರನ್ನೆಲ್ಲ ಒಮ್ಮೆ ಸೇರಿಸಬೇಕು ಎಂದು ಅವರಿಗೆ ಆಸೆ. ವಾಟ್ಸಾಪ್ ಗುಂಪಿನಲ್ಲಿ ಒಕ್ಕಣೆ ಬರೆಯುವ ಕೆಲಸ ನನಗೆ ಬಂತು. ನಾನು ಚೆಂದ ಮಾಡಿ ‘ಹಳೆಯ ಸಹಪಾಠಿಗಳ ಸ್ನೇಹಕೂಟ’ ಎಂದು ಬರೆದು ಹಾಕಿದೆ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ಆ ದಿನ ಬಂದವರು ನಾವಿಬ್ಬರೂ ಸೇರಿ ನಾಲ್ಕು ಮಂದಿ. ಬಿರಿಯಾನಿ ಐವತ್ತು ಜನಕ್ಕೆ ಆಗುವಷ್ಟು ಇತ್ತು.

ಮುಂದಿನ ಸಲ ಅವರು ನನ್ನನ್ನು ಕೇಳಲೇ ಇಲ್ಲ. ತಾವೇ ‘ಗೆಟ್‌ಟುಗೆದರ್’ ಎಂಬ ಒಂದೇ ಪದ ಬರೆದು, ಜಾಗ ಮತ್ತು ಹೊತ್ತು ಹಾಕಿದರು. ರಜೆಯಲ್ಲಿ ಬಂದ ಗಲ್ಫಿನವರು, ಮದುವೆಯಾಗಿ ಘಟ್ಟದ ಮೇಲೆ ಹೋದವರು, ನಮ್ಮ ಬ್ಯಾಚಿನವರೇ ಅಲ್ಲದವರು ಕೂಡ ಬಂದರು. ಇದು ಹೇಗೆ ಎಂದು ನಾನು ಕೇಳಿದೆ.

“ಸ್ನೇಹಕೂಟ ಅಂದ್ರೆ ಭಾಷಣ ಉಂಟು ಅಂತ ಅರ್ಥ ಟೀಚರ್. ಗೆಟ್‌ಟುಗೆದರ್ ಅಂದ್ರೆ ಊಟ ಉಂಟು.”

ಕನ್ನಡದ ಮೇಲೆ ನನಗೆ ಪ್ರೀತಿ ಕಡಿಮೆಯಲ್ಲ. ಅದನ್ನು ಭಾಷಣಕ್ಕೆ ಕಟ್ಟಿಹಾಕಿದವರ ಮೇಲೆ ಮಾತ್ರ ನನಗೆ ಈಗಲೂ ಸಿಟ್ಟಿದೆ.

ನಿಂತವರ ಕ್ಲಾಸು

ನಿವೃತ್ತಿಯಾದ ಮೇಲೆ ಮೂಡುಬಿದಿರೆಯ ಒಂದು ಕಾಲೇಜಿನವರು ಮಾತಾಡುವ ಇಂಗ್ಲಿಷ್ ಕಲಿಸಲು ನನ್ನನ್ನು ಕರೆದರು. ವರ್ಷ ವರ್ಷ ಮುಂದುವರಿಸುವ ಕೆಲಸ. ಮನೆಯಲ್ಲಿ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ, ಆದ್ದರಿಂದ ಆ ಕ್ಲಾಸು ನನಗೆ ಉಸಿರಿನಷ್ಟೇ ಬೇಕಿತ್ತು. ಹೋದ ವರ್ಷ ಬೆಂಗಳೂರಿನಿಂದ ಒಬ್ಬ ತರುಣ ತರಬೇತುದಾರರನ್ನು ಕರೆಸಿದರು. ನನ್ನನ್ನು ಮುಂದುವರಿಸುವುದೋ ಬೇಡವೋ ಎಂದು ಅವರು ಹೇಳಬೇಕಿತ್ತು.

ಅವರು ಅರ್ಧ ಗಂಟೆ ಕೂತು ಕೇಳಿ ತಲೆ ಕೊಡವಿದರು. ಮಕ್ಕಳು ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಕಲಸಿ ಎರಡನ್ನೂ ಕೆಡಿಸುತ್ತಿದ್ದಾರೆ, ಇದನ್ನೆಲ್ಲ ಕ್ಲೀನಪ್ ಮಾಡಬೇಕು ಎಂದರು. ಆ ಪದವನ್ನೂ ಸೇರಿಸಿಯಾ ಸರ್ ಎಂದು ಕೇಳಿದೆ. ಅವರಿಗೆ ನಗು ಬರಲಿಲ್ಲ. ಹೊಸ ನಿಯಮ ಮಾಡಿದರು: ಕನ್ನಡದ ನಡುವೆ ಇಂಥ ಪದ ಹೇಳಿದವರು ಕ್ಲಾಸು ಮುಗಿಯುವವರೆಗೆ ನಿಂತಿರಬೇಕು. ಹತ್ತು ನಿಮಿಷದಲ್ಲಿ ಇಡೀ ಕ್ಲಾಸು ನಿಂತಿತ್ತು. ಕೂತವರು ಅವರು ಮತ್ತು ನಾನು ಮಾತ್ರ.

ನನಗೆ ತಡೆಯಲಾಗಲಿಲ್ಲ. “ಸರ್, ಸೆಕೆ ಉಂಟು, ಫ್ಯಾನ್ ಆನ್ ಮಾಡ್ತೇನೆ,” ಎಂದು ಹೇಳಿ ನಾನೂ ಎದ್ದು ನಿಂತೆ.

ಅವರು ಕೆಂಪಾದರು. ನಿಮ್ಮ ವಿಷಯದಲ್ಲಿ ಏನು ಬರೆಯಬೇಕೆಂದು ಗೊತ್ತಾಯಿತು ಮೇಡಂ ಎಂದರು. ಬರೆಯಿರಿ ಎಂದೆ. ಹೇಳಿದ ಮಾತಿಗೆ ತಪ್ಪಬಾರದೆಂದು ಫ್ಯಾನೂ ಆನ್ ಮಾಡಿದೆ.

ಆ ಸಂಜೆ ಬೆಂಗಳೂರು ಬಸ್ಸು ಹಿಡಿಯಲು ಅವರು ಬಂಟ್ವಾಳಕ್ಕೆ ಹೋಗಬೇಕಿತ್ತು. ನಾನೂ ನಮ್ಮ ಕೆಲವು ಮಕ್ಕಳೂ ಹತ್ತಿದ ಬಸ್ಸಿಗೇ ಅವರೂ ಹತ್ತಿದರು. ಸೀಟಿನಲ್ಲಿ ಬ್ಯಾಗ್ ಇಟ್ಟು ಬನ್ಸ್ ತರುತ್ತೇನೆಂದು ಇಳಿದು ಹೋದರು. ನಮ್ಮ ಲೈನ್ ಬಸ್ಸಿಗೆ ನಿಮಿಷದ ಲೆಕ್ಕ, ತಡವಾದರೆ ಹಿಂದಿನ ಬಸ್ಸು ಜನರನ್ನೆಲ್ಲ ಬಾಚಿಕೊಳ್ಳುತ್ತದೆ. ಕಂಡಕ್ಟರ್ ರೈಟ್ ಎಂದ ಕೂಡಲೇ ಹೊರಟಿತು. ಕಿಟಕಿಯಿಂದ ನೋಡಿದರೆ ಸಾಹೇಬರು ಕೈಯಲ್ಲಿ ಬನ್ಸ್ ಪೊಟ್ಟಣ ಹಿಡಿದು ಓಡಿ ಬರುತ್ತಿದ್ದಾರೆ. ಸ್ಟಾಪ್, ಸ್ಟಾಪ್ ದ ಬಸ್, ಪ್ಲೀಸ್ ಸ್ಟಾಪ್! ಡ್ರೈವರ್ ಆಲೋಚನೆ ಮಾಡುತ್ತಿದ್ದ.

ಮಕ್ಕಳೆಲ್ಲ ನನ್ನ ಮುಖ ನೋಡಿದರು. ಮೆಲ್ಕಾರಿನ ಆ ಸಾಹುಕಾರರ ಕೊನೆಯ ಮಗಳೇ ನನ್ನ ಪಕ್ಕದಲ್ಲಿ ಇದ್ದಳು. “ಮೇಡಂ, ನಾವು ಹೇಳಬಹುದಾ?” ಎಂದು ಕೇಳಿದಳು.

ನಿಯಮ ನೆನಪುಂಟಲ್ಲ ಎಂದೆ. ನನಗೆ ಸ್ವಲ್ಪವೂ ಪಾಪ ಅನ್ನಿಸಲಿಲ್ಲ. ಅಷ್ಟರಲ್ಲಿ, ಅಲ್ಲಿ ಯಾರು ಹೇಳಿಕೊಟ್ಟರೋ, ಹಿಂದಿನಿಂದ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಸಾಹೇಬರದೇ ಒಂದು ಕೂಗು ಬಂತು: “ಹೋಲ್ಡಾಆಆನ್!”

ಡ್ರೈವರನ ಕಾಲು ಬ್ರೇಕಿಗೆ ಹೋಯಿತು. ಸಾಹೇಬರು ಏದುಸಿರು ಬಿಡುತ್ತಾ ಹತ್ತಿದರು. ಉಚ್ಚಾರ ಬಹಳ ಚೆನ್ನಾಗಿತ್ತು ಎಂದು ನಾನು ಮೆಚ್ಚಿದೆ. ಅವರು ಬ್ಯಾಗ್ ಎತ್ತಿ ತಮ್ಮ ಸೀಟಿನಲ್ಲಿ ಕೂರಲು ಬಗ್ಗಿದರು. ಆಗ ಹುಡುಗಿ ಬಹಳ ವಿನಯದಿಂದ ಹೇಳಿದಳು:

“ಸರ್, ಹೇಳಿದವರು ಮುಗಿಯುವವರೆಗೆ ನಿಲ್ಲಬೇಕು, ಅಲ್ವಾ?”

ಬಸ್ಸಿಗೆ ಬಸ್ಸೇ ಅವರನ್ನು ನೋಡಿತು. ಮನುಷ್ಯ ಕೆಟ್ಟವರಲ್ಲ. ಬಗ್ಗಿದವರು ನೆಟ್ಟಗಾದರು. ಕಂಬಿ ಹಿಡಿದುಕೊಂಡು, ಹೊಂಡಕ್ಕೊಮ್ಮೆ ಹಾರುತ್ತಾ, ಬಂಟ್ವಾಳದವರೆಗೂ ನಿಂತೇ ಬಂದರು. ಬನ್ಸನ್ನು ನಮಗೆಲ್ಲ ಹಂಚಿದರು.

ಇಳಿಯುವ ಮೊದಲು ನನ್ನ ಕಡೆಗೆ ತಿರುಗಿ, ಮುಂದಿನ ವರ್ಷವೂ ನೀವೇ ಕಲಿಸಿ ಮೇಡಂ, ಹಾಗೆಯೇ ಬರೆಯುತ್ತೇನೆ ಎಂದರು. ಆಗಲಿ, ಆದರೆ ಆ ನಿಲ್ಲಿಸುವ ನಿಯಮ ಏನಾಯಿತು ಎಂದು ಕೇಳಿದೆ.

ಬೆಂಗಳೂರಿನ ಸಾಹೇಬರು ಒಂದು ಕೈಯಲ್ಲಿ ಮೊಣಕಾಲು ಉಜ್ಜುತ್ತಾ ಹೇಳಿದರು:

“ಆಫ್ ಮಾಡಿದೆ ಟೀಚರ್. ಕಾಲು ನೋವುಂಟು.”