ಪೆಟ್ಟು ಕೊಟ್ಟು ಮರುಗುವ ಬಾಕ್ಸರ್

ನಮ್ಮ ದೊಡ್ಡಪ್ಪನ ಮಗನ ಕೈಯಲ್ಲಿ ಪೆಟ್ಟು ತಿಂದವರು ಬೇಕಾದಷ್ಟು ಜನ ಇದ್ದಾರೆ. ಅವನ ಮೇಲೆ ಸಿಟ್ಟಿರುವವರು ಮಾತ್ರ ಒಬ್ಬರೂ ಇಲ್ಲ! ಮುಂದೆ ಪತ್ರಿಕೆಗಳಲ್ಲೆಲ್ಲ ಫೋಟೋ ಬಂದ ಬಾಕ್ಸರ್ ಅವನು. ಬಾಕ್ಸರ್ ಎಂದರೆ ಕೆಂಗಣ್ಣು ಬಿಡುವವನು, ಹಲ್ಲು ಕಡಿಯುವವನು ಅಂದುಕೊಂಡಿದ್ದೀರಾ ಮಕ್ಕಳೇ? ನಮ್ಮಣ್ಣ ಸೊಳ್ಳೆ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡುತ್ತಿದ್ದ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನಮ್ಮ ಜರಗನಹಳ್ಳಿ ಇನ್ನೂ ಹಳ್ಳಿಯೇ. ಪಕ್ಕದ ಜೆ.ಪಿ. ನಗರದ ಖಾಲಿ ಸೈಟೊಂದರಲ್ಲಿ, ಮಿಲಿಟರಿಯಿಂದ ನಿವೃತ್ತರಾದ ಮೇಷ್ಟ್ರೊಬ್ಬರು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದರು. ಅಣ್ಣ ಒಂದು ಸಂಜೆ ನೋಡಲು ಹೋದವನು ಅಲ್ಲೇ ಅಂಟಿಕೊಂಡ. ಮನೆಗೆ ಬಂದವನೇ ಗೋಣಿಚೀಲಕ್ಕೆ ಹೊಟ್ಟು ತುಂಬಿ ಕೊಟ್ಟಿಗೆಯ ತೊಲೆಗೆ ನೇತುಹಾಕಿ ಗುದ್ದತೊಡಗಿದ. ಧಬ್! ಧಬ್! ಎಮ್ಮೆ ಹೆದರಿ ಹಾಲು ಕೊಡುವುದನ್ನೇ ನಿಲ್ಲಿಸಿತು.

"ಲೋ, ಬಾಕ್ಸಿಂಗ್ ನಿಂಗೆ, ಉಪವಾಸ ನಮ್ಗಾ?" ಎಂದು ದೊಡ್ಡಮ್ಮ ಖಾಲಿ ಚೆಂಬು ಹಿಡಿದು ಬಂದರು. ಅಣ್ಣ ಎಮ್ಮೆಯ ಕತ್ತು ತಡವಿ, "ತಪ್ಪಾಯ್ತು ಕಣಮ್ಮ, ನಿಂಗಲ್ಲ ಹೊಡ್ದಿದ್ದು" ಎಂದು ಸಮಾಧಾನ ಹೇಳಿ, ಚೀಲವನ್ನು ಹೊಂಗೆಮರಕ್ಕೆ ಸಾಗಿಸಿದ.

ಇನ್ನು ಬೆಳಗಿನ ಓಟ! ಕನಕಪುರ ರಸ್ತೆಯಲ್ಲಿ ಬಸ್ಸಿನ ಹಿಂದೆ ಓಡುವುದು ಅವನ ಅಭ್ಯಾಸ. ಪಾಪ, ಬಸ್ಸು ತಪ್ಪಿತೇನೋ ಎಂದು ಕಂಡಕ್ಟರ್ ಸೀಟಿ ಊದಿ ನಿಲ್ಲಿಸುತ್ತಿದ್ದ. "ಬೇಡ ಅಣ್ಣ, ನಾನು ಸುಮ್ನೆ ಓಡ್ತಿದೀನಿ" ಎಂದರೆ ನಂಬುವವರು ಯಾರು? ಒಂದು ದಿನ ಪ್ರಯಾಣಿಕರೇ ಕೈಹಿಡಿದು ಎಳೆದು ಹತ್ತಿಸಿಕೊಂಡರು. ಅಷ್ಟು ಪ್ರೀತಿಯಿಂದ ಕರೆದವರಿಗೆ ಬೇಡ ಅನ್ನಲಾಗದೆ ಜಯನಗರದವರೆಗೆ ಹೋಗಿ, ಅಲ್ಲಿಂದ ಓಡುತ್ತಾ ಬಂದ!

ಮೊದಲ ಪಂದ್ಯ ಜಯನಗರದ ಶಾಲೆಯೊಂದರ ಮೈದಾನದಲ್ಲಿ. ಅಣ್ಣನ ಒಂದೇ ಗುದ್ದಿಗೆ ಎದುರಾಳಿ ನೆಲಕ್ಕೆ! ನಾವೆಲ್ಲ ಕಿರುಚುತ್ತಿದ್ದೇವೆ. ಇವನೋ ಮಂಡಿಯೂರಿ ಕೂತು, "ನೋವಾಯ್ತಾ ಮಗಾ? ನೀರು ಬೇಕಾ?" ಎಂದು ಕೇಳುತ್ತಿದ್ದಾನೆ. ರೆಫರಿ ಗದರಿಸಿ ಮೂಲೆಗೆ ಅಟ್ಟಿದರು. ಅಷ್ಟರಲ್ಲಿ ಸುಧಾರಿಸಿಕೊಂಡು ಎದ್ದ ಹುಡುಗ ಇವನ ಮೂಗಿಗೇ ಬಿಟ್ಟ. ಸೋಲು!

"ನಿನ್ನ ಕಳ್ಸಿದ್ದು ಹೊಡಿಯೋಕೋ, ಉಪಚಾರ ಮಾಡೋಕೋ?" ಮೇಷ್ಟ್ರು ಕೂಗಾಡಿದರು.

"ಅವ್ನ ಅಮ್ಮ ಮುಂದಿನ ಸಾಲಲ್ಲೇ ಕೂತಿದ್ರು ಸಾರ್."

ಮೇಷ್ಟ್ರು ಹಣೆ ಒತ್ತಿಕೊಂಡರು. "ಗಂಟೆ ಹೊಡಿಯೋವರ್ಗೂ ತಡ್ಕೊಳ್ಳೋ ಮಹರಾಯ. ಆಮೇಲೆ ಎಷ್ಟ್ ಬೇಕಾದ್ರೂ ವಿಚಾರಿಸ್ಕೋ!"

ಊದಿದ ಮೂಗು ನೋಡಿ ದೊಡ್ಡಪ್ಪ ಕೆಂಡವಾದರು. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಅವರ ಮಾತೇ ಕಡಿಮೆ, ಆಡಿದರೆ ಮುಗಿಯಿತು. "ಇನ್ನೊಂದ್ಸಲ ಮುಖ ಊದಿಸ್ಕೊಂಡು ಬಂದ್ರೆ ಈ ಹೊಸ್ಲು ದಾಟ್ಬೇಡ."

ಅಣ್ಣ ಅಭ್ಯಾಸ ಬಿಡಲಿಲ್ಲ. ಮಾರನೆಯ ವರ್ಷ ರಾಜ್ಯಮಟ್ಟದ ಬಾಲಕರ ಫೈನಲ್ ಗೆದ್ದೇಬಿಟ್ಟ. ಗಂಟೆ ಹೊಡೆಯುವವರೆಗೂ ತಡೆದುಕೊಂಡು, ಆಮೇಲೆ ಸೋತ ಹುಡುಗನನ್ನು ತಬ್ಬಿಕೊಂಡು ಅವನಿಗಿಂತ ಹೆಚ್ಚು ಅತ್ತ.

ಮುಸ್ಸಂಜೆ ಮನೆಗೆ ಬಂದಾಗ ಒಂದು ಕಣ್ಣು ಮುಚ್ಚಿಹೋಗಿತ್ತು, ಎರಡೂ ಕೈ ಊದಿದ್ದವು. ನನ್ನ ಕೈಯಲ್ಲಿ ಅವನ ಕಪ್. ಹೊಸ್ತಿಲಾಚೆ ನಿಂತವನು ಒಳಗೆ ಕಾಲಿಡಲಿಲ್ಲ. "ಬಾರೋ" ಎಂದು ದೊಡ್ಡಮ್ಮ ಕರೆದರೂ ಅಲ್ಲಾಡಲಿಲ್ಲ.

ದೊಡ್ಡಪ್ಪ ಎದ್ದು ಬಂದರು. ಕಪ್ ಕಡೆ ನೋಡಲಿಲ್ಲ. ಅವನ ಭುಜ ಹಿಡಿದು ಒಳಗೆ ಕರೆತಂದು ಕೂರಿಸಿ, ತಟ್ಟೆಯ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು.

"ನುಂಗು ಮಗ. ದವಡೆ ಆಡಿಸ್ಬೇಡ."

ಅರ್ಧ ಮುದ್ದೆ ಮುಗಿದಾಗ ದೊಡ್ಡಪ್ಪ ಮೆಲ್ಲಗೆ ಕೇಳಿದರು: "ಆ ಹುಡ್ಗನ್ ಕೈಯೂ ಹಿಂಗೇ ಊದೈತಾ?"

"ಹೂಂ, ಅಪ್ಪಯ್ಯ."

ದೊಡ್ಡಪ್ಪನ ಕೈ ತುತ್ತು ಹಿಡಿದಂತೆಯೇ ನಿಂತಿತು.

"ಪಾಪ, ಅವನ್ಗೆ ಯಾರು ಉಣ್ಣಿಸ್ತಾವ್ರೋ."