ತಿಪ್ಪೆಯಿಲ್ಲದ ವಿಮಾನ ನೆಲೆ

ಯುದ್ಧಕ್ಕೆ ಹೋಗಿ ಬಂದವರು ನಾಲ್ಕು ಜನ ಕೂಡಿದಲ್ಲಿ ಅಂಗಿಯ ತೋಳು ಸರಿಸಿ ಗಾಯದ ಕಲೆ ತೋರಿಸುತ್ತಾರೆ. ಮಹಾಯುದ್ಧದ ಕಾಲದಲ್ಲಿ ವಿಮಾನದ ನೆಲೆಯಲ್ಲಿ ಕೆಲಸ ಮಾಡಿದ ನನಗೂ ಒಂದು ಗಾಯವಾಗಿತ್ತು. ಕಲೆ ಇನ್ನೂ ಇದೆ. ಆದರೆ ಅದು ನಾಲ್ಕು ಜನರಿಗೆ ತೋರಿಸುವಂಥ ಜಾಗದಲ್ಲಿಲ್ಲ. ಹೀಗಾಗಿ ನನ್ನ ಶೌರ್ಯದ ವಿಷಯದಲ್ಲಿ ಜನ ನನ್ನ ಬಾಯಿಮಾತನ್ನೇ ನಂಬಬೇಕು. ಆ ಬಾಯಿಮಾತಿನ ಬೆಲೆ ನನ್ನ ಹೆಂಡತಿ ಗಂಗಮ್ಮನಿಗೆ ಚೆನ್ನಾಗಿ ಗೊತ್ತು. ನಾನು ಯುದ್ಧದ ಸುದ್ದಿ ತೆಗೆದರೆ ಸಾಕು, ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋಗಿಬಿಡುತ್ತಾಳೆ.

ಜಗಳೂರಿನಿಂದ ಸೊಕ್ಕೆಯ ಕಡೆಗೆ ಹೋಗುವ ದಾರಿಯಲ್ಲಿ ಆಗ ಒಂದು ದೊಡ್ಡ ಬಯಲಿತ್ತು. ಸರ್ಕಾರದವರು ಅಲ್ಲಿನ ಕಲ್ಲು ಆರಿಸಿ, ಜಾಲಿ ಕಡಿಸಿ, ರೋಲರು ಹೊಡೆಸಿ ಅದನ್ನು ವಿಮಾನ ನೆಲೆ ಎಂದು ಕರೆದರು. ಉತ್ತರಕ್ಕೋ ದಕ್ಷಿಣಕ್ಕೋ ಹೊರಟ ಯುದ್ಧದ ವಿಮಾನಕ್ಕೆ ನಡುದಾರಿಯಲ್ಲಿ ಎಣ್ಣೆ ತೀರಿದರೆ, ಹೊಟ್ಟೆಯೊಳಗೇನಾದರೂ ಕೆಟ್ಟರೆ, ಇಳಿದು ಸುಧಾರಿಸಿಕೊಂಡು ಹೋಗಲಿಕ್ಕೆ ಅದೊಂದು ಛತ್ರವಿದ್ದ ಹಾಗೆ. ಸೌಕರ್ಯಗಳಿಗೇನೂ ಕೊರತೆಯಿರಲಿಲ್ಲ. ಒಂದು ತಗಡಿನ ಶೆಡ್ಡು, ಪೆಟ್ರೋಲಿನ ಪೀಪಾಯಿಗಳು, ನೀರಿನ ಗಾಡಿ, ಅದನ್ನೆಳೆಯಲು ಒಂದು ಮುದಿ ಜೋಡೆತ್ತು, ಬಯಲಿನ ನಡುವೆ ಸುಣ್ಣ ಬಳಿದ ಕಲ್ಲುಗಳ ದೊಡ್ಡ ವೃತ್ತ, ಗಾಳಿಯ ದಿಕ್ಕು ತೋರಿಸಲು ಕಂಬದ ಮೇಲೊಂದು ಬಟ್ಟೆಯ ಚೀಲ, ಒಂದು ಡೇರೆ, ಡೇರೆಯಲ್ಲೊಬ್ಬ ಕೆಂಪು ಮುಖದ ದೊರೆ. ಇಲ್ಲದಿದ್ದದ್ದು ವಿಮಾನ ಮಾತ್ರ. ಅದು ಮಳೆಯ ಹಾಗೆ, ಬಂದರೆ ಬಂತು.

ಅಲ್ಲಿ ನನ್ನ ಹುದ್ದೆಯ ಹೆಸರು ಇಂಗ್ಲಿಷಿನಲ್ಲಿ ಬಹಳ ಉದ್ದವಾಗಿತ್ತು. ನಮ್ಮಣ್ಣ ಅದನ್ನು ಬಾಯಿಪಾಠ ಮಾಡಿಕೊಂಡು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕನ್ನಡದಲ್ಲಿ ಹೇಳುವುದಾದರೆ ನಾನು ಕುರಿ ಓಡಿಸುವವ. ಬಯಲಿಗೆ ದನಕರು, ಕುರಿ, ಆಡು ನುಗ್ಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಮೈಲಪ್ಪನೆಂಬ ಕುರುಬರವನಿಗೂ ನನಗೂ ದಿನಾ ಜಗಳ. ಅವನ ಅಜ್ಜನ ಕಾಲದಿಂದ ಕುರಿ ಮೇಯುತ್ತಿದ್ದ ಜಾಗವಂತೆ. “ಇಮಾನ ಹುಲ್ಲು ತಿಂತಾವೇನ್ರೀ? ತಿನ್ನಾದಿಲ್ಲ ಅಂದಮ್ಯಾಗೆ ನಮ್ಮ ಕುರಿ ತಿಂದ್ರೆ ನಿಮಗೇನ್ರೀ ಹೊಟ್ಟೆಕಿಚ್ಚು?” ಎಂದು ಕೇಳುತ್ತಿದ್ದ. ನಾನು ಕೋಲು ಬೀಸುತ್ತಿದ್ದೆ.

ಇಂಥ ನನಗೆ ಹೊನ್ನಾಳಿಯಲ್ಲಿ ಹೆಣ್ಣು ನೋಡಿದರು. ಹೊಳೆಯ ದಂಡೆಯ ಭತ್ತದ ಸೀಮೆಯವರು ನಮ್ಮ ಒಣನೆಲಕ್ಕೆ ಹೆಣ್ಣು ಕೊಡುವುದೆಂದರೆ ಸುಮ್ಮನೆ ಮಾತಲ್ಲ. ಆದರೆ ಅಣ್ಣ ನನ್ನ ಉದ್ದನೆಯ ಹುದ್ದೆಯನ್ನು ಒಂದೇ ಉಸಿರಿಗೆ ಹೇಳಿದ್ದೇ ಹೇಳಿದ್ದು, ಆ ಮನೆಯವರ ಕಣ್ಣೆಲ್ಲ ಸೂರಿಗೆ ಏರಿದವು. ಗಂಗಮ್ಮ ಅವಲಕ್ಕಿ ತಟ್ಟೆ ಇಟ್ಟು ಬಾಗಿಲ ಹಿಂದೆ ಸರಿದಳು. ಅಷ್ಟರಲ್ಲೇ ನಾನು ಸೋತುಹೋಗಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲ ಹಿಂದಿನಿಂದ ಒಂದು ಸಣ್ಣ ದನಿ ಬಂತು: “ಮ್ಯಾಲಿಂದ ನಮ್ಮ ಹೊಳೆ ಕಾಣ್ತೈತೇನ್ರೀ?” ಇಲ್ಲಮ್ಮ, ನಾನು ಬೇವಿನ ಮರ ಬಿಟ್ಟರೆ ಇನ್ನೇನನ್ನೂ ಹತ್ತಿದವನಲ್ಲ ಎನ್ನಬೇಕಿತ್ತು. ಬಾಯಿ ಕೇಳಬೇಕಲ್ಲ! “ಕಾಣ್ತೈತೆ, ಬೆಳ್ಳಿ ಉಡಿದಾರ ಬಿಚ್ಚಿ ಇಟ್ಟಂಗೆ” ಎಂದುಬಿಟ್ಟೆ.

ಹೆಣ್ಣು ನೋಡಿದ ಮೇಲೆ ಹೆಣ್ಣಿನವರು ಮನೆ ನೋಡಲು ಬರುವ ಪದ್ಧತಿಯಿದೆಯಷ್ಟೆ. ಬಂದವರು ಗಂಡಿನ ಮುಖ ನೋಡುವುದಿಲ್ಲ. ಸೀದಾ ಹಿತ್ತಿಲಿಗೆ ಹೋಗಿ ತಿಪ್ಪೆ ಎಷ್ಟು ದೊಡ್ಡದಿದೆ ನೋಡುತ್ತಾರೆ. ತಿಪ್ಪೆ ದೊಡ್ಡದಿದ್ದರೆ ದನಕರು ಇವೆ, ದನಕರು ಇದ್ದರೆ ಮಗಳು ಉಪವಾಸ ಬೀಳುವುದಿಲ್ಲ ಎಂಬ ಲೆಕ್ಕ. ನಮ್ಮ ಮನೆಯ ತಿಪ್ಪೆಯನ್ನು ಕೋಳಿಯೂ ದಾಟಿಕೊಂಡು ಹೋಗುತ್ತಿತ್ತು. ಅದಕ್ಕೇ ನಾನು ಜಾಣತನ ಮಾಡಿ, ಹೆಣ್ಣಿನ ತಂದೆ ರುದ್ರಪ್ಪನವರನ್ನು ಮನೆಗೆ ಕರೆಯದೆ ನೆಲೆಗೇ ಕರೆಸಿದೆ. ಅದೂ ಬೆಳಿಗ್ಗೆ ವಿಮಾನವೊಂದು ಇಳಿಯುತ್ತದೆಂದು ದೊರೆ ಹೇಳಿದ್ದ ದಿನವೇ.

ರುದ್ರಪ್ಪನವರು ಹೇಳಿದ ಹೊತ್ತಿಗೆ ಬಂದರು. ವಿಮಾನ ಬರಲಿಲ್ಲ. ಬಿಸಿಲೇರಿತು. ನಾನು ಕಂಬದ ಮೇಲಿನ ಚೀಲ ತೋರಿಸಿದೆ. “ತಳಾನೇ ಹೊಲಿದಿಲ್ಲಲ್ರೀ, ನಿಮ್ಮ ಸಿಂಪಿಗ ಮೋಸ ಮಾಡ್ಯಾನೆ” ಎಂದರು. ಸುಣ್ಣದ ವೃತ್ತ ತೋರಿಸಿದೆ. “ಕಣ ಚಲೋ ಮಾಡೀರಿ. ರಾಶಿ ಎಲ್ಲಿ?” ಎಂದರು. ಆಮೇಲೆ ಶೆಡ್ಡಿನ ಹಿಂದಕ್ಕೆ ಒಂದು ಸುತ್ತು ಹಾಕಿ ಬಂದು, ತಲೆಯ ರುಮಾಲು ತೆಗೆದು ಬೆವರು ಒರೆಸಿಕೊಂಡು, ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: “ತಿಪ್ಪೆ ಎಲ್ಲೈತ್ರೀ?”

“ಇಲ್ಲಿ ವಿಮಾನ ಇರ್ತಾವ್ರೀ ಯಜಮಾನ್ರೇ, ತಿಪ್ಪೆ ಎಲ್ಲಿಂದ ಬರಬೇಕು?”

“ಸಗಣಿ ಹಾಕಲ್ಲ, ಹಾಲು ಕೊಡಲ್ಲ, ಬಂದಾಗೆಲ್ಲ ಪೀಪಾಯಿಗಟ್ಲೆ ಎಣ್ಣೆ ಕುಡೀತಾವೆ. ಅಂಥವನ್ನ ಕಟ್ಕೊಂಡು ನಿಮ್ಮ ದೊರೆ ಹೆಂಗ್ರೀ ಸಂಸಾರ ಮಾಡ್ತಾನೆ?” ಎಂದು ನಿಟ್ಟುಸಿರು ಬಿಟ್ಟು ಅವರು ಚಪ್ಪಲಿ ಮೆಟ್ಟಿದರು. ಆ ಬಾಗಿಲ ಹಿಂದಿನ ದನಿ ಇನ್ನು ನನಗಿಲ್ಲ ಎನಿಸಿತು. ಬಿಸಿಲು ಇಳಿಯುವವರೆಗೆ ಕುಳಿತು ಮಜ್ಜಿಗೆ ಕುಡಿದು ಹೋಗಿ ಎಂದು ಕೈಮುಗಿದು ಅವರನ್ನು ಶೆಡ್ಡಿನ ನೆರಳಿಗೆ ಕೂರಿಸಿದೆ.

ಆಗ ಕಂಡಿತು ಬಯಲಿನ ಅಂಚಿನಲ್ಲಿ ಮೈಲಪ್ಪನ ಮಂದೆ. ದೊರೆ ಡೇರೆಯಲ್ಲಿ ಮಲಗಿದ್ದ. ವಿಮಾನ ಇನ್ನು ಬರುವುದಿಲ್ಲವೆಂದು ನಾನೇ ತೀರ್ಮಾನ ಮಾಡಿ, ಓಡಿಹೋಗಿ, ಎರಡೂ ಕೈ ಬೀಸಿ ಮೈಲಪ್ಪನನ್ನು ಬಯಲೊಳಕ್ಕೆ ಕರೆದೆ. ಅವನು ನಿಂತಲ್ಲೇ ನಿಂತ. “ದಿನಾ ಹೊಡೆದು ಓಡಿಸಾರು ಇವತ್ತು ಕರೀತೀರಲ್ರೀ, ಮೈಯಾಗೆ ಹುಷಾರೈತಾ?” ಎಂದ. “ಬಾರಪ್ಪಾ ನಮ್ಮಪ್ಪಾ, ನನ್ನ ಮದುವೆ ಐತೆ!” ಎಂದೆ. ಮದುವೆಗೂ ಕುರಿಗೂ ಏನು ಸಂಬಂಧವೆಂದು ಅವನು ಕೇಳಲಿಲ್ಲ. ಮಂದೆ ನುಗ್ಗಿತು. ಬಯಲು ಕರ್ರಗಾಯಿತು. ನೆರಳಲ್ಲಿದ್ದ ರುದ್ರಪ್ಪನವರು ಮಜ್ಜಿಗೆ ಲೋಟ ಹಿಡಿದುಕೊಂಡೇ ಎದ್ದು ಬಂದರು. “ಇವು ಯಾರವ್ರೀ?” ಎಂದು ಕೇಳಿದಾಗ ನಾನು ನೆಲ ನೋಡುತ್ತ ಸ್ವಲ್ಪ ನಾಚಿಕೊಂಡೆ. ಅವರಿಗೆ ಅಷ್ಟು ಸಾಕಾಯಿತು. “ಇದನ್ನ ಮೊದ್ಲೇ ಹೇಳಬಾರ್ದೇನ್ರೀ! ಆ ತೂತು ಚೀಲ ಯಾಕೆ ತೋರಿಸಿದ್ರಿ?” ಎಂದು ಮುಖ ಅರಳಿಸಿದರು.

ಅಷ್ಟರಲ್ಲಿ ಗುಂಯ್ ಎಂದಿತು. ಬೆಳಿಗ್ಗೆ ಬರಬೇಕಾದ ವಿಮಾನ ಆಗ ಬಂತು. ಡೇರೆಯಿಂದ ದೊರೆ ಬನಿಯನ್ನಿನಲ್ಲೇ ಹೊರಗೆ ಹಾರಿದ. ನಾನು ಕೋಲು ಬೀಸುತ್ತ, ಅದೂ ಸಾಲದೆ ರುಮಾಲು ಬಿಚ್ಚಿ ಬೀಸುತ್ತ ಓಡಿದೆ. ಕುರಿಗಳು ಚದುರುವುದಿರಲಿ, ಹೆದರಿ ಒಂದಕ್ಕೊಂದು ಒತ್ತಿಕೊಂಡು ಆ ಸುಣ್ಣದ ವೃತ್ತದೊಳಗೇ ಹೋಗಿ ನಿಂತವು. ವಿಮಾನ ತಲೆಯ ಮೇಲೆಯೇ ಒಮ್ಮೆ ಕೆಳಗಿಳಿದು ಗದರಿಸಿಕೊಂಡು ಹೋಯಿತು. ಮಂದೆ ಒಮ್ಮೆಲೇ ಎದ್ದು ಓಡಿತು, ವಿಮಾನ ನೋಡುತ್ತ ಮಂದೆಗೆ ಬೆನ್ನು ತಿರುಗಿಸಿ ನಿಂತಿದ್ದ ನನ್ನನ್ನು ಮುಂದಿನ ಟಗರು ಎತ್ತಿ ಒಗೆಯಿತು. ನನ್ನ ಇಡೀ ಸೇವಾವಧಿಯಲ್ಲಿ ನಾನು ಆಕಾಶಕ್ಕೆ ಏರಿದ್ದು ಅದೊಂದೇ ಸಲ. ಗಾಯವೂ ಆಗಲೇ ಆದದ್ದು.

ವಿಮಾನ ಸುಖವಾಗಿ ಇಳಿಯಿತು. ನಾನೂ ಇಳಿದೆ, ಅಷ್ಟು ಸುಖವಾಗಿ ಅಲ್ಲ. ದೊರೆ ಕುರಿಗಳ ಕಡೆ ಬೆರಳು ಚಾಚಿ ತನ್ನ ಭಾಷೆಯಲ್ಲಿ ಅಬ್ಬರಿಸಿದ. ಯಾರವು ಎಂದು ಕೇಳುತ್ತಿದ್ದಾನೆಂಬುದು ಯಾರಿಗಾದರೂ ತಿಳಿಯುವಂತಿತ್ತು. ನನ್ನವಲ್ಲ ಎಂದರೆ ಹೆಣ್ಣು ಹೋಯಿತು, ನನ್ನವು ಎಂದರೆ ನೌಕರಿ ಹೋಯಿತು. ಹಿಂಭಾಗ ಹಿಡಿದುಕೊಂಡು ಯೋಚಿಸುತ್ತಿದ್ದೆ. ಅಷ್ಟರೊಳಗೆ ರುದ್ರಪ್ಪನವರು ಎದೆಯುಬ್ಬಿಸಿ ಮುಂದೆ ಬಂದು, ನನ್ನ ಹೆಗಲ ಮೇಲೆ ಕೈ ಹಾಕಿ, ದೊರೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: “ನಮ್ಮ ಅಳಿಯಂದಿರವು!”

ಒಂದೇ ಮಾತಿಗೆ ನನ್ನ ಮದುವೆ ಗಟ್ಟಿಯಾಯಿತು, ನೌಕರಿ ಹೋಯಿತು. ಮಾವನವರು ಬೇಸರ ಪಟ್ಟುಕೊಳ್ಳಲಿಲ್ಲ. “ಹೋಗ್ಲಿ ಬಿಡ್ರಿ, ಇಷ್ಟು ಕುರಿ ಇಟ್ಕಂಡು ಆ ಮನುಷ್ಯನ ಹತ್ರ ಯಾಕೆ ಬೈಸ್ಕಂತೀರಿ?” ಎಂದರು. ಮೈಲಪ್ಪನ ಕಡೆ ತಿರುಗಿ, “ಧಣಿ ಕುರಿ ಚೆಂದಾಗಿ ಸಾಕೀಯಪ್ಪಾ” ಎಂದು ಬೆನ್ನು ತಟ್ಟಿದರು. ಮೈಲಪ್ಪ ನನ್ನ ಮುಖ ನೋಡಿದ, ಬಾಯಿ ತೆರೆದ, ಮತ್ತೆ ಮುಚ್ಚಿದ. ಅವನ ಉಪಕಾರ ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಗಂಗಮ್ಮ ಮನೆ ತುಂಬಿದ ಮರುದಿನವೇ ಹಿತ್ತಿಲಿಗೆ ಹೋಗಿ ಬಂದಳು. “ಕುರಿ ಎಲ್ಲಿ ಅದಾವ್ರೀ?” ಎಂದಳು. ಇದ್ದದ್ದೆಲ್ಲ ಹೇಳಿ ಅಳುವ ಸ್ಥಿತಿಗೆ ಬಂದೆ. ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, “ನಮ್ಮಪ್ಪಗೆ ಗೊತ್ತಾಗಬಾರ್ದು. ಅವರು ಬರಾದ್ರೊಳಗೆ ಕುರಿ ಮಾಡ್ರಿ” ಎಂದಳು. ಮಾಡಿದೆ. ಮೈಲಪ್ಪನ ಹತ್ತಿರವೇ ಮರಿ ತಂದು ಶುರು ಮಾಡಿ, ಇವತ್ತಿಗೂ ಅದನ್ನೇ ಮಾಡುತ್ತಿದ್ದೇನೆ. ಯುದ್ಧ ಮುಗಿದು ದೊರೆ ಡೇರೆ ಕಿತ್ತುಕೊಂಡು ಹೋದ ಮೇಲೆ ನನ್ನ ಕುರಿಗಳೂ ಆ ಬಯಲಿನಲ್ಲೇ ಮೇಯುತ್ತವೆ, ಓಡಿಸುವವರು ಯಾರೂ ಇಲ್ಲ. ಅಪರೂಪಕ್ಕೊಮ್ಮೆ ಮೇಲೆ ವಿಮಾನ ಹೋದರೆ ಬುತ್ತಿ ತಂದ ಗಂಗಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾಳೆ. “ಅಲ್ಲಿಂದ ನಮ್ಮ ಹೊಳೆ ಕಾಣ್ತೈತೇನ್ರೀ?” ಎಂದು ಕೇಳುತ್ತಾಳೆ. “ಕಾಣ್ತೈತೆ” ಎನ್ನುತ್ತೇನೆ ನಾನು, ಬಿಗುಮಾನ ಬಿಡದೆ. ಅವಳು ಬುತ್ತಿ ಬಿಚ್ಚುತ್ತ ಹೇಳುತ್ತಾಳೆ: “ಹೌದೌದು. ಟಗರು ಅಷ್ಟು ಎತ್ತರಕ್ಕೆ ಒಗೆದಿತ್ತಲ್ಲ, ಕಾಣದೆ ಏನು!”